ಕೈಗೆ ಸಿಗದ ಕರಿದಾರ

ರಾಯದುರ್ಗದಲ್ಲಿ ನಮ್ಮ ಪಕ್ಕದ ಮನೆಯ ಟೇಲರಕ್ಕ ಏನೇ ಹೇಳಿದರೂ "ಏನಾಗಂಗಿಲ್ಲ ಬಿಡ್ರಿ" ಎಂದು ನಗುತ್ತಿದ್ದರು. ಬಹಳ ವರ್ಷದ ಸಕ್ಕರೆ ಕಾಯಿಲೆ, ಭಾರವಾದ ಮೈ. ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡರು. ಕೆಲವೇ ತಿಂಗಳಲ್ಲಿ ಮೈಯೂ ಇಳಿಯಿತು, ಶುಗರೂ ಇಳಿಯಿತು. ತಮ್ಮ ರವಿಕೆಗಳನ್ನೆಲ್ಲ ಬಿಚ್ಚಿ, ಚಿಕ್ಕದು ಮಾಡಿ ಹೊಲಿದುಕೊಂಡರು. ಸಕ್ಕರೆ ಕಾಯಿಲೆಯವರು ತಪ್ಪದೆ ಮಾಡಿಸಬೇಕಾದ ಕಣ್ಣಿನ ತಪಾಸಣೆಗೆ ಮಾತ್ರ ಹೋಗಲಿಲ್ಲ.

"ಶುಗರ್ರೇ ಇಳದೈತಿ, ಕಣ್ಣು ಯಾಕ ತೋರ್ಸಬೇಕ್ರಿ?"

ಒಂದು ಬೆಳಿಗ್ಗೆ ಅವರು ಬಿಳಿ ಬಟ್ಟೆಯ ಮೇಲಿನ ದಾರವೊಂದನ್ನು ಉಗುರಿನಿಂದ ಆಯುತ್ತ ಕೂತಿದ್ದರು.

"ಈ ಕರಿದಾರ ಕೈಗೇ ಸಿಗವಲ್ದು ನೋಡ್ರಿ."

"ಅಕ್ಕಾ, ಅಲ್ಲಿ ದಾರಾನೇ ಇಲ್ಲ" ಎಂದೆ.

ಅವರ ನಗು ನಿಂತಿತು. ಕಣ್ಣು ಹೋದರೆ ಹೊಲಿಗೆಯೂ ಹೋದಂತೆ. ಅಂದೇ ಇಬ್ಬರೂ ಬಳ್ಳಾರಿ ಬಸ್ಸು ಹತ್ತಿದೆವು.

ಪರೀಕ್ಷಿಸಿದ ಡಾಕ್ಟರು, "ಕಣ್ಣೊಳಗ ಸ್ವಲ್ಪ ರಕ್ತ ಸೋರೈತಮ್ಮ, ಅದೇ ನಿನಗ ಕರಿದಾರದಂಗ ಕಾಣ್ತೈತಿ. ಹೊಟ್ಟೆ ಆಪರೇಷನ್ ಒಳ್ಳೇದೇ ಮಾಡೇತಿ. ಆದ್ರ ಶುಗರ್ ಒಮ್ಮೆಲೆ ಇಳದಾಗ ಕೆಲವರಿಗೆ ಕಣ್ಣಿನ ಹಳೇ ತೊಂದರೆ ಕೆರಳ್ತದ. ತಪಾಸಣೆ ಬಿಡಬಾರದು" ಎಂದರು.

ಲೇಸರ್ ಚಿಕಿತ್ಸೆಯಾಯಿತು, ದೃಷ್ಟಿ ಉಳಿಯಿತು. ಆಮೇಲೆ ಯಾರೇ ಅಳತೆ ಕೊಡಲು ಬಂದರೂ ಅಕ್ಕ ಸೊಂಟಕ್ಕೆ ಟೇಪು ಸುತ್ತಿ ಹಿಡಿದು ಕೇಳುತ್ತಿದ್ದರು: "ಶುಗರ್ ಐತೇನ್ರಿ? ಕಣ್ಣು ಯಾವಾಗ ತೋರ್ಸಿದ್ರಿ?" ಸರಿಯಾದ ಉತ್ತರ ಬರುವವರೆಗೂ ಅವರು ಟೇಪು ಬಿಡುತ್ತಿರಲಿಲ್ಲ.