ಎರಡು ಫಟಫಟಿ, ಒಂದು ದೊಡ್ಡ ಬಾಗಿಲು

ವೇಗದ ವಾಹನ ಬೇಕೆನ್ನುವವರೆಲ್ಲ ಹುಮ್ಮಸ್ಸಿನ ಜನ ಎಂದು ನೀವು ತಿಳಿದಿದ್ದರೆ, ನೀವಿನ್ನೂ ನನ್ನನ್ನು ನೋಡಿಲ್ಲ. ನನಗೆ ವೇಗ ಬೇಕಾದದ್ದು ಬೇಗ ಮನೆ ಸೇರಿ ಅಡ್ಡಾಗುವುದಕ್ಕೆ. ನಡುವಯಸ್ಸು ದಾಟಿದ ಗುಮಾಸ್ತನಿಗೆ ಈ ಲೋಕದಲ್ಲಿ ಉಳಿದಿರುವ ದೊಡ್ಡ ಆಸೆಯೆಂದರೆ ಹಾಸಿಗೆ. ಗಂಟೆಗೆ ಎಂಬತ್ತು ಮೈಲಿ ಓಡುವ ಫಟಫಟಿ, ಅಂದರೆ ಮೋಟಾರು ಸೈಕಲ್ಲು, ಕೊಳ್ಳಲು ನಾನು ಹೊರಟಾಗ ಕಚೇರಿಯವರು ನನಗೆ ಎರಡನೆಯ ಹರೆಯ ಬಂತೆಂದು ನಕ್ಕರು. ಅವರಿಗೆ ವಿವರಿಸಿ ಹೇಳುವಷ್ಟು ತ್ರಾಣವೂ ನನ್ನಲ್ಲಿರಲಿಲ್ಲ.

ಯುದ್ಧ ಮುಗಿದ ಮರುವರ್ಷ ನಮ್ಮ ಕಚೇರಿ ಪೇಟೆಯ ಕಲ್ಲುಕಟ್ಟಡ ಬಿಟ್ಟು ಊರ ಹೊರಗೆ ಹಡಪಸರದ ಆಚೆಯ ತಗಡಿನ ಷೆಡ್ಡುಗಳಿಗೆ ಹೋಯಿತು. ಧಾರವಾಡದಿಂದ ಪುಣೆಗೆ ಬಂದ ದಿನದಿಂದ ನನ್ನದು ಸೈಕಲ್ಲಿನ ಬಾಳು. ಹೊಸ ದಾರಿಯನ್ನು ಒಂದು ತಿಂಗಳು ತುಳಿಯುವಷ್ಟರಲ್ಲಿ ಎದೆಯಲ್ಲಿ ತಿದಿ ಊದಿದಂತಾಗತೊಡಗಿತು. ಡಾಕ್ಟರು ಎದೆಗೆ ಕೊಳವೆ ಹಚ್ಚಿ ಕೇಳಿ, ಸೈಕಲ್ಲು ಬಿಡಬೇಕು ಇಲ್ಲವೇ ನೌಕರಿ ಬಿಡಬೇಕು ಎಂದರು. ಬಸ್ಸು ಅಷ್ಟು ದೂರ ಬರುವುದಿಲ್ಲ. ಸಾಹೇಬರು ಕನಿಕರಪಟ್ಟು ಷೆಡ್ಡಿನ ಮಗ್ಗುಲಲ್ಲೇ ಎರಡು ಕೋಣೆಯ ಕ್ವಾರ್ಟರ್ಸು ಕೊಡುತ್ತೇನೆಂದರು. ನನಗೇನು, ಹಾಸಿಗೆ ಹಾಸಲು ಜಾಗವಿದ್ದರೆ ಸಾಕು. ಆದರೆ ಕಮಲಾ ಇದ್ದಾಳಲ್ಲ.

ಕಮಲಾ ನನ್ನ ಹೆಂಡತಿ. ಮದುವೆಯಾಗಿ ಪುಣೆಯ ಈ ಹಳೆಯ ವಾಡೆಗೆ ಬಂದಾಗ ಅವಳಿಗೆ ಮರಾಠಿಯ ಒಂದು ಶಬ್ದವೂ ಬರುತ್ತಿರಲಿಲ್ಲ. ವಾಡೆಯ ಒಡತಿ ಅಂಗಳದ ನಲ್ಲಿಯ ಬಳಿ ಕೂತು ಅವಳಿಗೆ ಮಾತು ಕಲಿಸಿದಳು, ಪೂರಣಪೋಳಿ ಲಟ್ಟಿಸಲು ಕಲಿಸಿದಳು, ಅವಳ ಎರಡೂ ಬಾಣಂತನ ಮಾಡಿದಳು. ನಾವೆಲ್ಲ ಅವಳನ್ನು ಆಜಿ ಎನ್ನುತ್ತೇವೆ. ಕ್ವಾರ್ಟರ್ಸಿನ ಸುದ್ದಿ ಹೇಳಿದ ಸಂಜೆ ಕಮಲಾ ಅಂಗಳದ ಕಟ್ಟೆಯ ಮೇಲೆ ಕೂತು ಮೆಂತ್ಯೆ ಸೊಪ್ಪು ಬಿಡಿಸಿದಳು. ಸೊಪ್ಪೆಲ್ಲ ಮುಗಿದ ಮೇಲೂ ಬರಿಯ ಕಡ್ಡಿಗಳನ್ನು ಬಿಡಿಸುತ್ತ ಕೂತಿದ್ದಳು. ನನಗೆ ಭಯವಾಯಿತು. ಆ ತಗಡಿನ ನಡುವೆ ಇವಳು ಬಾಡಿಹೋಗುತ್ತಾಳೆ ಅನ್ನಿಸಿತು. ಫಟಫಟಿಯ ವಿಚಾರ ನನ್ನ ತಲೆಗೆ ಹೊಕ್ಕದ್ದು ಆಗ.

ಕ್ಯಾಂಪಿನಲ್ಲಿ ದಂಡಿನ ಹಳೆಯ ಸಾಮಾನು ಮಾರುವ ಒಂದು ಅಡ್ಡೆಯಿತ್ತು. ವಿಲಾಯತಿಗೆ ಮರಳುವ ಅವಸರದಲ್ಲಿ ಇಬ್ಬರು ಗೋರಾ ಕ್ಯಾಪ್ಟನ್ನರು ಬಿಟ್ಟುಹೋದ ಎರಡು ಫಟಫಟಿ ಅಲ್ಲಿ ನಿಂತಿದ್ದವು. ಒಂದು ಕರಿಯದು, ಪಂದ್ಯದಲ್ಲಿ ಓಡಿಸಲೆಂದೇ ಮಾಡಿದ್ದು: ಕೃಶ ಶರೀರ, ಗಿಡ್ಡ ಹಿಡಿಕೆ, ಒಬ್ಬನಿಗೆ ಮಾತ್ರ ಆಸನ. ಇನ್ನೊಂದು ಹಸಿರು ಬಣ್ಣದ್ದು: ಎಮ್ಮೆಯ ಕೊಂಬಿನಂತೆ ಅಗಲವಾದ ಹಿಡಿಕೆ, ಹಿಂದೆ ಇನ್ನೊಬ್ಬರಿಗೆ ಮೆತ್ತನೆಯ ಆಸನ. ಕರಿಯದು ಸಿಡುಕಿನ ಜಾತಿ, ಒದ್ದ ಕೂಡಲೇ ಕೂಗುತ್ತಿತ್ತು. ಹಸಿರಿನದು ಗಂಟಲು ಸರಿಪಡಿಸಿಕೊಂಡು ಮಾತಾಡುವ ಹಿರಿಯರಂತೆ ಗುಡುಗುತ್ತಿತ್ತು. ಓಟದಲ್ಲಿ ಎರಡೂ ಒಂದಕ್ಕೊಂದು ಸೋಲುವುದಿಲ್ಲವೆಂದು ಮಾಲಕ ಆಣೆಯಿಟ್ಟ. ಎರಡರಲ್ಲಿ ಯಾವುದು ಎಂಬ ಪ್ರಶ್ನೆ ನನ್ನ ಬೆನ್ನು ಹತ್ತಿತು.

ನಮ್ಮ ದೇವರುಗಳಿಗೆ ಈ ಗೋಳು ಇರಲಿಲ್ಲ ನೋಡಿ. ವಿಷ್ಣುವಿಗೆ ಗರುಡ, ಶಿವನಿಗೆ ನಂದಿ, ಶನಿಗೆ ಕಾಗೆ. ಯಾರೋ ಗೊತ್ತುಮಾಡಿ ಕೊಟ್ಟರು, ಇವರು ಹತ್ತಿ ಕೂತರು. ಗಣಪತಿಯಂತೂ ಇಲಿಯ ತಾಕತ್ತಿನ ಬಗ್ಗೆ ಒಂದು ಮಾತೂ ಕೇಳಿದಂತಿಲ್ಲ. ಅಷ್ಟು ದೊಡ್ಡ ಹೊಟ್ಟೆ ಹೊತ್ತುಕೊಂಡು ಮೂರು ಲೋಕ ತಿರುಗಿದ. ಆರಿಸುವ ಸ್ವಾತಂತ್ರ್ಯ ಸಿಕ್ಕಿದ್ದರೆ ಅವನೂ ನನ್ನ ಹಾಗೆ ಶನಿವಾರ ಶನಿವಾರ ಕ್ಯಾಂಪಿಗೆ ಹೋಗಿ ನಿಲ್ಲಬೇಕಾಗುತ್ತಿತ್ತು. ನಾನು ಹೋದಾಗಲೆಲ್ಲ ಕರಿಯದರ ಬಳಿ ನಿಂತು ಹಸಿರಿನದನ್ನು ನೆನೆಯುತ್ತಿದ್ದೆ, ಹಸಿರಿನದರ ಮೇಲೆ ಕೂತು ಕರಿಯದನ್ನು ನೋಡುತ್ತಿದ್ದೆ. ಮೊದಮೊದಲು ಚಹಾ ತರಿಸುತ್ತಿದ್ದ ಮಾಲಕ ಬರಬರುತ್ತ ನನ್ನನ್ನು ಕಂಡ ಕೂಡಲೇ ಹಗ್ಗದ ಮಂಚದ ಮೇಲೆ ಮಗ್ಗುಲು ಬದಲಿಸತೊಡಗಿದ. ಆರಿಸಿ ಆರಿಸಿ ದಣಿದಷ್ಟು ನಾನು ಸೈಕಲ್ಲು ತುಳಿದೂ ದಣಿದಿರಲಿಲ್ಲ.

ಇಷ್ಟು ದಿನ ಯಂತ್ರ, ಗಾಲಿ, ಪೆಟ್ರೋಲಿನ ಕೂಪನ್ನು ಎಂದು ತಲೆ ಕೆಡಿಸಿಕೊಂಡವನಿಗೆ ಒಂದು ಸಂಗತಿ ಮಾತ್ರ ಹೊಳೆದಿರಲಿಲ್ಲ. ಒಂದು ಸಂಜೆ ಎಂದಿನಂತೆ ಸೈಕಲ್ಲನ್ನು ಎತ್ತಿ ಹೆಗಲಿಗೇರಿಸಿ, ತಲೆ ಬಗ್ಗಿಸಿ, ವಾಡೆಯ ದಿಡ್ಡಿ ಬಾಗಿಲಿಂದ ಒಳಗೆ ತೂರುತ್ತಿದ್ದೆ. ಅರ್ಧ ಒಳಗೆ ಅರ್ಧ ಹೊರಗೆ ಇದ್ದಾಗ ಥಟ್ಟನೆ ಹೊಳೆಯಿತು: ಫಟಫಟಿಯನ್ನು ಹೆಗಲಿಗೇರಿಸಲು ಬರುವುದಿಲ್ಲ.

ಪುಣೆಯ ವಾಡೆಗಳ ಬಾಗಿಲು ನೀವು ನೋಡಿರಬಹುದು. ಸವಾರ ಕುದುರೆಯಿಂದ ಇಳಿಯದೆ ಒಳಬರಲೆಂದು ಪೇಶ್ವೆಯರ ಕಾಲದವರು ಎತ್ತರದ ದೊಡ್ಡ ಬಾಗಿಲು ಮಾಡಿದರು. ಕಾಲ್ನಡಿಗೆಯವರಿಗಾಗಿ ಅದರ ಒಂದು ಕದದಲ್ಲಿ ಗಿಡ್ಡ ದಿಡ್ಡಿ ಕೊರೆದರು. ಕುದುರೆಗಳು ಹೋಗಿ, ಲಾಯದಲ್ಲಿ ಈಗ ಆಜಿಯ ಸೌದೆಯಿದೆ. ದೊಡ್ಡ ಬಾಗಿಲಿಗೆ ಅಗಳಿ ಹಾಕಿದ್ದೇ ಇದೆ. ಅದು ತೆರೆಯುವುದು ಎರಡೇ ಕಾರಣಕ್ಕೆ: ಮದುವೆಯ ದಿಬ್ಬಣಕ್ಕೆ, ಇಲ್ಲವೇ ಹೆಣಕ್ಕೆ. ಆಜಿಯ ಗಂಡನನ್ನು ಹೊತ್ತೊಯ್ದ ದಿನ ಅದು ತೆರೆದಿತ್ತು. ಆಮೇಲೆ ಅದನ್ನು ಮುಟ್ಟಲು ಆಜಿ ಯಾರಿಗೂ ಬಿಟ್ಟಿರಲಿಲ್ಲ. ರಾತ್ರಿ ಬೀದಿಯಲ್ಲಿ ಬಿಡೋಣವೆಂದರೆ ಬೆಳಗಾಗುವಷ್ಟರಲ್ಲಿ ಪೆಟ್ರೋಲು ಇರುವುದಿಲ್ಲ, ಫಟಫಟಿಯೂ ಇರುವುದು ಅನುಮಾನ.

ದಾರ ತಂದು ದಿಡ್ಡಿ ಬಾಗಿಲು ಅಳೆದೆ, ಆ ದಾರವನ್ನು ಕ್ಯಾಂಪಿಗೆ ಒಯ್ದು ಎರಡೂ ಹಿಡಿಕೆಗಳಿಗೆ ಹಿಡಿದು ನೋಡಿದೆ. ಕರಿಯದರ ಗಿಡ್ಡ ಹಿಡಿಕೆ ಕಷ್ಟಪಟ್ಟು ಹೊಗುತ್ತಿತ್ತು. ಹಲಗೆ ಒರಗಿಸಿ ನೂಕಿದರೆ ಒಳಗೆ ಬರುತ್ತಿತ್ತು. ಹಸಿರಿನದು ಸಾಧ್ಯವೇ ಇಲ್ಲ. ನನಗಾದ ಸಮಾಧಾನ ಅಷ್ಟಿಷ್ಟಲ್ಲ. ತಿಂಗಳುಗಟ್ಟಲೆ ನನ್ನಿಂದ ಆಗದ ತೀರ್ಮಾನವನ್ನು ಒಂದು ಮರದ ಚೌಕಟ್ಟು ಮಾಡಿಕೊಟ್ಟಿತ್ತು. ಕರಿಯದೇ ಸರಿ ಎಂದು ಕಮಲಾಗೆ ಹೇಳಿದೆ. ಒಮ್ಮೆ ತಾನೂ ನೋಡುತ್ತೇನೆಂದಳು. ಮರುದಿನ ಟಾಂಗಾ ಮಾಡಿಕೊಂಡು ಹೋದೆವು.

ಅವಳು ಎರಡನ್ನೂ ಸುತ್ತು ಹಾಕಿದಳು. ಮಾಲಕ ಅತ್ತ ತಿರುಗಿದ್ದನ್ನು ನೋಡಿ, ಕಚ್ಚೆ ಸೀರೆಯ ಧೈರ್ಯದಲ್ಲಿ, ಹಸಿರಿನದರ ಹಿಂದಿನ ಆಸನದ ಮೇಲೆ ಕೂತೇಬಿಟ್ಟಳು. ಕೂತು ಕೆಳಗಿಳಿಯದೆ ಅಂದಳು:

"ಆ ಕರೀದರ ಮ್ಯಾಲೆ ನೀವೊಬ್ರೇ ಹೋಗ್ತೀರಿ. ಇದರ ಮ್ಯಾಲೆ ನಾನೂ ಬರ್ತೀನಿ. ಇದರಾಗ ಇಷ್ಟು ದಿನ ಆರಿಸ್ಲಿಕ್ಕೆ ಏನಿತ್ತು ರೀ?"

ನಾನು ಬಾಗಿಲಿನ ಮಾತೆತ್ತಿದೆ.

"ಬಾಗಲಾ ನನಗ ಬಿಡ್ರಿ," ಅಂದಳು.

ಆಜಿಯೊಂದಿಗೆ ಅವಳು ಮಾತಾಡಿದ್ದು ನಲ್ಲಿಯ ಬಳಿ, ನಾನು ಕಚೇರಿಯಲ್ಲಿದ್ದಾಗ. ಆಜಿ ಮೊದಲು ಖಂಡಿತ ಆಗದೆಂದಳಂತೆ. ಅಪಶಕುನವೆಂದಳಂತೆ. ಹಾಗಾದರೆ ನಾವು ಹಡಪಸರಕ್ಕೆ ಹೋಗುತ್ತೇವೆ ಎಂದು ಇವಳು ಹೇಳಿದ್ದಕ್ಕೆ ಕೊಡ ತುಂಬಿ ಹರಿಯುತ್ತಿದ್ದರೂ ನಲ್ಲಿ ನಿಲ್ಲಿಸುವುದು ಇಬ್ಬರಿಗೂ ನೆನಪಾಗಲಿಲ್ಲವಂತೆ. ಆಮೇಲೆ ಆಜಿ ಮರಾಠಿಯಲ್ಲಿ ಹೇಳಿದ ಮಾತನ್ನು ಕಮಲಾ ನನಗೆ ನಮ್ಮ ಮಾತಿನಲ್ಲಿ ಹೇಳಿದಳು:

"ಆ ಬಾಗಲಾದಾಗಿಂದ ನಮ್ಮವ್ರು ಹೋದ್ರು, ಮಗಳು ಲಗ್ನಾಗಿ ಹೋದ್ಲು. ಹೋದವ್ರು ಯಾರೂ ಅದರಾಗಿಂದ ತಿರುಗಿ ಬರ್ಲಿಲ್ಲ. ಒಬ್ಬನರ ಸಂಜೀಕೆ ಬರ್ತಾನಂದ್ರ, ತಗದೇನು."

ಹಸಿರು ಫಟಫಟಿ ಮನೆಗೆ ಬಂದ ದಿನ ದೊಡ್ಡ ಬಾಗಿಲಿನ ತಿರುಗಣಿ ಕಿರುಗುಟ್ಟಿದ ಸದ್ದಿಗೆ ಇಡೀ ಓಣಿ ಹೊರಗೆ ಬಂತು. ಎದುರುಮನೆಯ ಜೋಶಿ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದು, ಯಾರು ಹೋದರೆಂದು ಮೆಲ್ಲನೆ ನನ್ನನ್ನೇ ಕೇಳಿದರು. ಯಾರೂ ಇಲ್ಲ, ನಾನು ಬಂದೆ ಎಂದೆ. ಅವರಿಗೆ ಸ್ವಲ್ಪ ನಿರಾಸೆಯಾದಂತಿತ್ತು.

ಈಗ ರವಿವಾರಗಳಲ್ಲಿ ಕಮಲಾ ಹಿಂದೆ ಕೂರುತ್ತಾಳೆ. ಒಮ್ಮೆ ಲೋಣಾವಳಾದವರೆಗೂ ಹೋಗಿ ಬಂದೆವು. ಇನ್ನುಳಿದ ದಿನಗಳಲ್ಲಿ ಎಂಬತ್ತು ಮೈಲಿಯ ಈ ಗಾಡಿ ಪೇಟೆಯ ಸಂದಿಗಳಲ್ಲಿ ಯಾವುದಾದರೂ ಟಾಂಗಾದ ಬೆನ್ನಿಗೆ, ಅದರ ಕುದುರೆಯ ಮರ್ಜಿಯಂತೆ ನಡೆಯುತ್ತದೆ. ಹಾಸಿಗೆಗೆ ನಾನು ಮೊದಲಿಗಿಂತ ಬೇಗ ಸೇರುತ್ತೇನೆಂದು ಹೇಳಲಾರೆ. ದಣಿವೂ ಹಾಗೆಯೇ ಇದೆ.

ಓಣಿಯ ತಿರುವಿನಲ್ಲೇ ಸದ್ದು ಕೇಳಿ ಆಜಿ ಎದ್ದು ಬರುತ್ತಾಳೆ. ಅಗಳಿ ತೆಗೆಯಲು ಬೇರೆ ಯಾರನ್ನೂ ಬಿಡುವುದಿಲ್ಲ, ಅವಳಿಗೋ ಮೊಣಕಾಲು ನೋವು. ಅಲ್ಲಿಯವರೆಗೆ ನಾನು ಯಂತ್ರ ನಿಲ್ಲಿಸಿ, ಹಿಡಿಕೆಯ ಮೇಲೆ ತೋಳೂರಿ, ಮುಚ್ಚಿದ ಬಾಗಿಲಿನ ಮುಂದೆ ಕೂತಿರುತ್ತೇನೆ. ಒಳಗೆ ಅವಳ ಚಪ್ಪಲಿಯ ಸದ್ದು, ಕಮಲಾ ಏನೋ ಕೂಗಿ ಹೇಳುವುದು, ಅಗಳಿ ಸರಿಯುವುದು ಒಂದೊಂದಾಗಿ ಕೇಳುತ್ತವೆ. ನಾನು ಮದುವಣಿಗನೂ ಅಲ್ಲ, ಹೆಣವೂ ಅಲ್ಲ. ಆದರೂ ನನಗಾಗಿ ದೊಡ್ಡ ಬಾಗಿಲು ತೆರೆಯುತ್ತಿದೆ. ದಿನದಲ್ಲಿ ನಾನು ನಿಜವಾಗಿ ವಿಶ್ರಾಂತಿ ಪಡೆಯುವುದು ಆಗಲೇ. ಆಜಿ ಇನ್ನಷ್ಟು ನಿಧಾನವಾಗಿ ಬಂದರೂ ನನ್ನ ತಕರಾರಿಲ್ಲ.