ಕೆಂಪು ಗುರುತಿನ ಮೂವತ್ತೊಂದು ಮನೆಗಳು

ಚಂದ್ರಮ್ಮನಿಗೆ ಅಸಹ್ಯ ಅನ್ನುವುದು ಸುಲಭಕ್ಕೆ ಆಗುತ್ತಿರಲಿಲ್ಲ. ಕೊಳ್ಳೇಗಾಲದ ಒಂದು ಸಣ್ಣ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅವಳು ಹನ್ನೊಂದು ವರ್ಷದಿಂದ ಟೆಕ್ನಿಷಿಯನ್. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದರೆ ಮಧ್ಯಾಹ್ನದ ತನಕ ಊರವರ ರಕ್ತ, ಕಫ, ಮಲ, ಮೂತ್ರವೆಲ್ಲ ಅವಳ ಕೈ ಮೇಲೆಯೇ ಹಾದು ಹೋಗಬೇಕು. ಡಬ್ಬಿಯನ್ನು ನಾಲ್ಕು ಸುತ್ತು ಪೇಪರಿನಲ್ಲಿ ಸುತ್ತಿ, ಮುಖ ಆ ಕಡೆ ತಿರುಗಿಸಿಕೊಂಡು ಕೊಡುವವರ ಕೈಯಿಂದ ಅವಳು ಅದನ್ನು ಹಾಲಿನ ಲೋಟ ಈಸಿಕೊಂಡಂತೆ ಈಸಿಕೊಂಡು ಹೆಸರಿನ ಚೀಟಿ ಅಂಟಿಸುತ್ತಿದ್ದಳು.

"ನಿಂಗೆ ಒಟ್ಟೆ ತೊಳ್ಸಕಿಲ್ವಾ ಅಕ್ಕ?" ಎಂದು ರಶೀದಿ ಬರೆಯುವ ಯಶೋದ ಶುರುವಿನಲ್ಲಿ ಕೇಳಿದ್ದಳು. ಯಶೋದ ಹೊನ್ನೂರಿನವಳು, ದಿನಾ ಬಸ್ಸಿನಲ್ಲಿ ಬಂದು ಹೋಗುವವಳು.

"ಎಲ್ರ ಒಟ್ಟೇಲೂ ಇರೋದೇ ಅಲ್ವಾ ಯಶೋದ," ಅಂದಿದ್ದಳು ಚಂದ್ರಮ್ಮ. ಅಷ್ಟಕ್ಕೆ ಆ ಮಾತು ಮುಗಿದಿತ್ತು.

ಚಂದ್ರಮ್ಮ ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವಳು, ಕಾಡಿನ ಹಾಡಿಯಲ್ಲಿ ಹುಟ್ಟಿದ ಸೋಲಿಗರ ಹೆಣ್ಣುಮಗಳು. ಯಳಂದೂರಿನ ಹಾಸ್ಟೆಲಿನಲ್ಲಿದ್ದು ಓದಿ, ಡಿಪ್ಲೊಮಾ ಮಾಡಿ, ಅವರ ಪೋಡಿನಲ್ಲಿ ಬಿಳಿ ಕೋಟು ಹಾಕಿದ ಮೊದಲನೆಯವಳಾದಳು. ಗಂಡ ಮಾದೇವ ಅರಣ್ಯ ಇಲಾಖೆಯಲ್ಲಿ ವಾಚರ್. ಅವನ ಕೆಲಸ ಕಾಡಿನ ಕ್ಯಾಂಪಿನಲ್ಲಿ. ಮಗಳು ದೀಪ ಬೆಟ್ಟದಲ್ಲಿ ಅಜ್ಜಿಯ ಹತ್ತಿರ. ಇವಳು ಕೊಳ್ಳೇಗಾಲದಲ್ಲಿ ನಾಲ್ಕು ಹೆಂಗಸರ ಜೊತೆ ಒಂದು ರೂಮು ಹಂಚಿಕೊಂಡು, ಶನಿವಾರ ಸಂಜೆ ಬಸ್ಸು ಹತ್ತಿ ಮೇಲೆ ಹೋಗಿ ಬರುತ್ತಿದ್ದಳು. ಈ ವರ್ಷ ದೀಪ ಏಳನೇ ತರಗತಿಗೆ ಬಂದಳು. ಮಗಳನ್ನು ಕೊಳ್ಳೇಗಾಲದ ಶಾಲೆಗೇ ಹಾಕಿ ಹತ್ತಿರ ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದಳು. ಜೂನ್ ಒಳಗೆ ಒಂದು ಸಣ್ಣ ಬಾಡಿಗೆ ಮನೆಯಾಗಬೇಕಿತ್ತು.

"ಬೀದಿ ಬೀದಿ ಸುತ್ತೋ ಕಾಲ ಓಯ್ತು, ತಕೊ," ಎಂದು ಯಶೋದ ಅವಳ ಫೋನಿಗೆ ‘ಮನೆಗೂಡು’ ಅನ್ನುವ ಒಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಖಾಲಿ ಮನೆಗಳ ಫೋಟೊ, ಬೀದಿ, ಬಾಡಿಗೆ ಎಲ್ಲ ಇರುತ್ತಿತ್ತು. ಹಿಡಿಸಿದ ಮನೆಯ ಮೇಲಿನ ಹೃದಯದ ಗುರುತನ್ನು ಒತ್ತಿದರೆ ಅದು ಕೆಂಪಾಗಿ, ಮನೆ ನಮ್ಮ ಪಟ್ಟಿಗೆ ಬಂದು ಕೂರುತ್ತಿತ್ತು. ಪಟ್ಟಿಯನ್ನು ಬೇಕಾದಂತೆ ವಿಂಗಡಿಸಬಹುದು. ಪ್ರತಿ ಮನೆಯ ಕೆಳಗೆ ನಮಗೇ ಅಂತ ನಾಲ್ಕು ಸಾಲು ಬರೆದಿಟ್ಟುಕೊಳ್ಳಬಹುದು. ಬೇರೆಯವರನ್ನು ಪಟ್ಟಿಗೆ ಸೇರಿಸಿಕೊಳ್ಳಲೂ ಬಹುದು.

ಚಂದ್ರಮ್ಮನಿಗೆ ಇದು ಬಹಳ ಇಷ್ಟವಾಯಿತು. ಚೀಟಿಯಿಲ್ಲದ ಟ್ಯೂಬನ್ನು ಚೆಲ್ಲಿಬಿಡಬೇಕೆಂದು ಕಲಿತವಳು ಅವಳು. ಒಂದು ವಾರ ಊಟದ ಬಿಡುವಿನಲ್ಲೆಲ್ಲ ಕೂತು ಮೂವತ್ತೊಂದು ಮನೆಗಳನ್ನು ಆರಿಸಿದಳು. ‘ನೋಡಬೇಕು’, ‘ನೋಡಿದ್ದು’, ‘ಬೇಡ’ ಎಂದು ಮೂರು ಗೂಡು ಮಾಡಿದಳು. ಶಾಲೆಗೆ ಎಷ್ಟು ದೂರ, ನೀರು ಯಾವಾಗ, ಬಚ್ಚಲು ಒಳಗೋ ಹೊರಗೋ ಎಂದೆಲ್ಲ ಬರೆದಿಟ್ಟಳು. ಫೋಟೊನೇ ಇಲ್ಲದ ಒಂದು ಮನೆಯನ್ನು ನೋಡದೆಯೇ ‘ಬೇಡ’ಕ್ಕೆ ಹಾಕಿದಳು. ಫೋನನ್ನು ಯಶೋದಳಿಗೆ ತೋರಿಸುವಾಗ ಮದುವೆಯ ಜವಳಿ ತೋರಿಸುವವಳ ಮುಖ ಅವಳದು.

ನೋಡಲು ಹೊರಟ ಮೇಲೆ ಮೊದಲು ಫೋಟೊಗಳ ಬಣ್ಣ ಬಿಟ್ಟಿತು. ಹಾಲಿನಂತೆ ಹೊಳೆಯುತ್ತಿದ್ದ ಅಡುಗೆಮನೆಯೊಂದು ಮೆಟ್ಟಿಲ ಕೆಳಗಿನ ಸಂದಿಯಾಗಿತ್ತು. ಇನ್ನೊಂದರಲ್ಲಿ ಫೋಟೊ ಪಕ್ಕದ ಮನೆಯದು. ತೋರಿಸಿದ್ದು ಅದರ ಹಿಂದಿನ ಮಗ್ಗದ ಶೆಡ್ಡು, ಅರ್ಧ ಗೋಡೆ ಎಬ್ಬಿಸಿ ‘ಎರಡು ರೂಮು’ ಮಾಡಿದ್ದರು. ಗೋಡೆಯ ಬೂಷ್ಟಿನ ಮೇಲೆ ಹೊಡೆದ ಹೊಸ ಸುಣ್ಣವನ್ನು ಬೆರಳಲ್ಲಿ ಕೆರೆದರೆ ಹಸಿರು ನೀರು ಒಸರುತ್ತಿತ್ತು. ಇದನ್ನೆಲ್ಲ ಚಂದ್ರಮ್ಮ ಸಹಿಸಿಕೊಂಡಳು. ಸುಳ್ಳು ಫೋಟೊ ತೆಗೆದವನ ಮೇಲೆ ಮನಸ್ಸಿನಲ್ಲೇ ಉಗಿದು, ಮುಂದಿನ ಮನೆಗೆ ನಡೆದಳು.

ಆರನೆಯದು ಕೆಂಪಾಜಮ್ಮನ ಮನೆ. ಮನೆ ಚೆನ್ನಾಗಿತ್ತು. ಕೆಂಪಾಜಮ್ಮ ಬೀಗ ತೆಗೆದು ಎಲ್ಲ ತೋರಿಸಿ, ನಲ್ಲಿ ತಿರುಗಿಸಿ ನೀರು ಬಿಟ್ಟು, ಆಮೇಲೆ ಕೇಳಿದಳು.

"ಯಾವೂರವ್ವ ನಿಮ್ದು?"

"ಬೆಟ್ಟ. ಬಿಳಿಗಿರಿರಂಗನ ಬೆಟ್ಟ."

"ಗುಡಿ ಪೂಜಾರಿಗಳ್ ಕಡೆಯೋರಾ?"

"ಅಲ್ಲ, ಸೋಲಿಗ್ರು."

ಕೆಂಪಾಜಮ್ಮ ನಲ್ಲಿ ನಿಲ್ಲಿಸಿದಳು. ಬೀಗದ ಕೈಯನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು. "ಅಯ್ಯೋ, ಮರ್ತೇ ಬುಟ್ಟಿದ್ದೆ ಕಣವ್ವ. ನಮ್ ತಮ್ಮನ್ ಮಗ್ಳಿಗೆ ಅಂತ ಮಾತಾಗೋಗದೆ."

ಚಂದ್ರಮ್ಮ ನಂಬಿದಳು. ನಂಬುವುದು ಅವಳಿಗೆ ಬೇಕಾಗಿತ್ತು. ‘ತಮ್ಮನ ಮಗಳಿಗೆ ಹೋಯಿತು’ ಎಂದು ಆ ಮನೆಯ ಕೆಳಗೆ ಬರೆದು ‘ನೋಡಿದ್ದು’ ಗೂಡಿಗೆ ಸರಿಸಿದಳು. ಎರಡು ದಿನ ಕಳೆದು, ಅವಳು ಯಾರದೋ ತೋಳಿಗೆ ರಬ್ಬರು ಕಟ್ಟುತ್ತಿದ್ದಾಗ ಫೋನು ಕಿಣಿಯೆಂದಿತು. ಕೆಲಸ ಮುಗಿಸಿ ನೋಡಿದರೆ, ‘ನಿಮ್ಮ ಇಷ್ಟದ ಮನೆ ಇನ್ನೂ ಖಾಲಿ ಇದೆ. ಬಾಡಿಗೆ ಇಳಿದಿದೆ. ಬೇಗ ನೋಡಿ.’ ಕೆಳಗೆ ಕೆಂಪಾಜಮ್ಮನ ನಲ್ಲಿಯ ಫೋಟೊ.

ಆಮೇಲೆ ಇದೇ ಕತೆಯಾಯಿತು. ಒಬ್ಬರಿಗೆ ಮಗನ ಮದುವೆ, ಒಬ್ಬರಿಗೆ ಬಣ್ಣ ಹೊಡೆಸುವುದಿತ್ತು, ಒಬ್ಬರು ವಾಸ್ತು ನೋಡಿಸಬೇಕೆಂದರು. ಇನ್ನೊಬ್ಬರು ‘ನೀವು ಏನೇನು ತಿಂತೀರಿ’ ಎಂದು ಕೇಳಿ, ಉತ್ತರಕ್ಕೂ ಕಾಯದೆ ಗೇಟು ಹಾಕಿದರು. ಅವಳು ಬರೆದಿಟ್ಟುಕೊಳ್ಳುತ್ತಿದ್ದಳು. ನಾಲ್ಕು ದಿನಕ್ಕೊಮ್ಮೆ ಆ್ಯಪ್ ತಪ್ಪದೆ ನೆನಪಿಸುತ್ತಿತ್ತು: ಮದುವೆಯ ಮನೆ ಖಾಲಿ ಇದೆ, ಬಣ್ಣದ ಮನೆ ಖಾಲಿ ಇದೆ. ಮನುಷ್ಯರು ಹೇಳಿದ ಸುಳ್ಳನ್ನೆಲ್ಲ ಆ ಯಂತ್ರ ನಗುನಗುತ್ತಾ ತಂದು ಅವಳ ಕೈಯಲ್ಲಿ ಇಡುತ್ತಿತ್ತು. ಫೋನು ಕಿಣಿಯೆಂದರೆ ಸಾಕು, ಹಳಸಿದ್ದರ ಮುಚ್ಚಳ ತೆಗೆದಾಗಿನಂತೆ ಅವಳು ಮುಖ ಕಿವುಚುತ್ತಿದ್ದಳು.

ಪಟ್ಟಿಯಲ್ಲಿ ಎಲ್ಲಕ್ಕಿಂತ ಅವಳಿಗೆ ಹಿಡಿಸಿದ್ದು ನಿವೃತ್ತ ಮೇಷ್ಟರು ಶಿವರುದ್ರಸ್ವಾಮಿಯವರ ಮನೆ. ಶಾಲೆಗೆ ಐದು ನಿಮಿಷ, ಅಂಗಳದಲ್ಲಿ ಕರಿಬೇವು. ಈ ಸಲ ಅವಳು ಸುತ್ತು ಬಳಸದೆ ಮೊದಲೇ ಹೇಳಿಬಿಟ್ಟಳು. ಮೇಷ್ಟರು ಬೇಸರಪಟ್ಟುಕೊಳ್ಳಲಿಲ್ಲ. ಜಗಲಿಯ ಮೇಲೆ ಕೂರಿಸಿದರು. ಬೆಟ್ಟದ ಮಕ್ಕಳಿಗೆ ತಾವು ಪಾಠ ಹೇಳಿದ್ದು, ಆ ಮಕ್ಕಳ ಪ್ರಾಮಾಣಿಕತೆ, ಕಾಡಿನ ಜನರ ಮುಗ್ಧತೆ ಎಂದೆಲ್ಲ ಅರ್ಧ ಗಂಟೆ ಮಾತಾಡಿದರು. ಕೊನೆಗೆ ದನಿ ತಗ್ಗಿಸಿ, "ನನಗೇನೂ ಇಲ್ಲಮ್ಮ, ಮನುಷ್ಯರೆಲ್ಲ ಒಂದೇ. ಮನೆಯವರು ಸ್ವಲ್ಪ ಹಳೇ ಕಾಲದವರು, ಅವರ ಮನಸ್ಸು ನೋಯಿಸೋಕಾಗಲ್ಲ," ಅಂದರು.

ಆಗಲಿ ಸಾ ಎಂದು ಎದ್ದು ಬಂದಳು. ತಿರುವಿನವರೆಗೆ ಹೋದಾಗ ಕೊಡೆ ಮರೆತದ್ದು ನೆನಪಾಯಿತು. ಹಿಂತಿರುಗಿ ಬಂದರೆ ಕೊಡೆ ಗೇಟಿನ ಹೊರಗೆ ಒರಗಿತ್ತು. ಒಳಗೆ, ಹಳೇ ಕಾಲದ ಹೆಂಡತಿಯಲ್ಲ, ಮೇಷ್ಟರೇ ಪಂಚೆ ಎತ್ತಿ ಕಟ್ಟಿಕೊಂಡು, ಬಕೆಟಿನಿಂದ ಅವಳು ಕೂತಿದ್ದ ಜಾಗಕ್ಕೆ ನೀರು ಹುಯ್ಯುತ್ತಿದ್ದರು. ಮೂಲೆ ಬಿಡದಂತೆ, ಅಚ್ಚುಕಟ್ಟಾಗಿ, ಕಾಲಲ್ಲಿ ನೀರು ತಳ್ಳುತ್ತಾ.

ಚಂದ್ರಮ್ಮ ಕೊಡೆ ತೆಗೆದುಕೊಂಡು ಸದ್ದಿಲ್ಲದೆ ನಡೆದಳು. ಬಸ್ ನಿಲ್ದಾಣದ ಹತ್ತಿರ ಚರಂಡಿಯ ಪಕ್ಕ ಕೂತು, ಹೊಟ್ಟೆಯಲ್ಲಿದ್ದ ಬೆಳಗಿನ ಇಡ್ಲಿಯನ್ನೆಲ್ಲ ಕಾರಿಕೊಂಡಳು. ಹನ್ನೊಂದು ವರ್ಷದಲ್ಲಿ ಲ್ಯಾಬಿನ ಯಾವ ಡಬ್ಬಿಯೂ ಮಾಡದ್ದನ್ನು ಒಂದು ಬಕೆಟ್ ಶುದ್ಧ ನೀರು ಮಾಡಿತ್ತು.

ಮಾರನೇ ದಿನ ಯಶೋದ ಎಲ್ಲ ಕೇಳಿ ಸಿಟ್ಟಾದಳು. "ನಂಗೆ ಬುಡು ನೀನು," ಎಂದು ತನ್ನನ್ನೂ ಪಟ್ಟಿಗೆ ಸೇರಿಸಿಕೊಂಡಳು. ಸಂಜೆಯೊಳಗೆ ಹತ್ತೊಂಬತ್ತನೆಯ ಮನೆಯ ಕೆಳಗೆ ಅವಳ ಬರಹ ಬಂತು: ‘ಓಕೆ ಅಂದ್ರು. ಭಾನುವಾರ ಬೀಗ ಕೊಡ್ತಾರೆ.’ ಮಾಲೀಕರು ಹನೂರಿನಲ್ಲಿದ್ದರು, ಮಾತೆಲ್ಲ ಫೋನಿನಲ್ಲೇ ಮುಗಿದಿತ್ತು.

"ಏನಂದೆ?" ಎಂದು ಕೇಳಿದಳು ಚಂದ್ರಮ್ಮ.

"ನಮ್ ಚಿಕ್ಕಪ್ಪನ್ ಮಗ್ಳು, ಹೊನ್ನೂರೋಳು ಅಂದೆ. ಅಷ್ಟೇಯ. ನೀನು ಬಾಯಿ ಮುಚ್ಕೊಂಡ್ ಇದ್ಬುಡು. ಯಾರ್ ಬಂದು ನೋಡ್ತಾರೆ?"

ಚಂದ್ರಮ್ಮ ಬೇಡ ಅನ್ನಲಿಲ್ಲ. ಮೇ ತಿಂಗಳು ಮುಗಿಯುತ್ತಾ ಬಂದಿತ್ತು, ಕಾಲು ಸೋತಿತ್ತು. ಶನಿವಾರ ಬೆಟ್ಟಕ್ಕೆ ಹೋಗಿ, ಭಾನುವಾರ ಬೆಳಿಗ್ಗೆ ದೀಪಳನ್ನೂ ಒಂದು ಟ್ರಂಕನ್ನೂ ಇಳಿಸಿಕೊಂಡು ಬಂದಳು. ಬಸ್ಸು ಇಳಿಜಾರಿನಲ್ಲಿ ತಿರುವು ತಿರುವಾಗಿ ಇಳಿಯುವಾಗ ಮಗಳಿಗೆ ಪಾಠ ಶುರು ಮಾಡಿದಳು.

"ಯಾವೂರು ಅಂತ ಯಾರಾರು ಕೇಳುದ್ರೆ ಹೊನ್ನೂರು ಅನ್ಬೇಕು."

"ಯಾಕವ್ವ?"

"ಅನ್ನು ಅಂದ್ರೆ ಅನ್ನು. ಪೋಡು ಅನ್ಬ್ಯಾಡ. ನಮ್ ಮಾತ್ ಆಡ್ಬ್ಯಾಡ."

"ಅಜ್ಜಿ ಬಂದ್ರೆ?"

"ಅಜ್ಜಿ ಬರಲ್ಲ."

"ಅಪ್ಪ ಬಂದ್ರೆ ಏನನ್ಲಿ?"

"ಅಪ್ಪ ಅನ್ಬ್ಯಾಡ," ಅಂದಳು ಚಂದ್ರಮ್ಮ. "ನಮ್ ಗದ್ದೆ ಕೆಲ್ಸದೋರು ಅನ್ನು."

ದೀಪ ಜಾಣ ಹುಡುಗಿ. ಕಿಟಕಿಯ ಕಡೆ ತಿರುಗಿ ಮೆಲ್ಲಗೆ ಒಪ್ಪಿಸಿಕೊಳ್ಳತೊಡಗಿದಳು: ನಮ್ಮೂರು ಹೊನ್ನೂರು, ಅವರು ನಮ್ಮ ಗದ್ದೆ ಕೆಲಸದವರು, ನಮ್ಮೂರು ಹೊನ್ನೂರು. ಆ ಸಣ್ಣ ದನಿಯಲ್ಲಿ ತನ್ನ ಮಾತು ವಾಪಸು ಬಂದಾಗ ಚಂದ್ರಮ್ಮನಿಗೆ ಮೈಯೆಲ್ಲ ಜಿಡ್ಡು ಹತ್ತಿದಂತಾಯಿತು. ಮೇಷ್ಟರು ನೀರು ಹುಯ್ದದ್ದು ಜಗಲಿಗೆ. ಅವಳು ಈಗ ಮಗಳ ಬಾಯನ್ನೇ ತೊಳೆಯಲು ಹೊರಟಿದ್ದಳು. ಮಾದೇವ ನಿನ್ನೆ ಕ್ಯಾಂಪಿನಿಂದ ಹನ್ನೆರಡು ಮೈಲಿ ನಡೆದು ಬಂದು, ಮಗಳ ಟ್ರಂಕಿಗೆ ಹೊಸ ಚಿಲಕ ಹಾಕಿಕೊಟ್ಟಿದ್ದ. ಅವನನ್ನು ಅವಳು ಕೂಲಿಯವನನ್ನಾಗಿ ಮಾಡಿ ಬಾಗಿಲಾಚೆ ನಿಲ್ಲಿಸಿದ್ದಳು. ಬೇರೆಯವರ ಮೇಲೆ ಬಂದ ಅಸಹ್ಯಕ್ಕೆ ಉಗಿದು ಹಗುರಾಗಬಹುದು; ಇದನ್ನು ಉಗಿಯಲು ಜಾಗವಿರಲಿಲ್ಲ.

"ದೀಪ, ಸಾಕು ನಿಲ್ಸು," ಅಂದಳು. "ಅವ್ವ ತಪ್ಪು ಏಳ್ಕೊಟ್ಟೆ. ಕೇಳುದ್ರೆ ಸೋಲಿಗ್ರು ಅನ್ನು. ಅಪ್ಪನ್ ಎಸ್ರು ಮಾದೇವ ಅನ್ನು."

ಯಳಂದೂರಿನಲ್ಲಿ ಬಸ್ಸು ನಿಂತಾಗ ಇಳಿದು ಯಶೋದಳಿಗೆ ಫೋನು ಮಾಡಿ, ಆ ಮನೆ ಬೇಡವೆಂದಳು.

ಯಶೋದ ಉರಿದುಬಿದ್ದಳು. "ನಿಂಗೋಸ್ಕರ ಸುಳ್ಳೇಳಿದ್ನಲ್ಲ ಅಕ್ಕ ನಾನು. ನಂಗೇನ್ ಬಂದಿತ್ತು?"

"ನಿಂದು ತಪ್ಪಿಲ್ಲ ಯಶೋದ. ಒಂದ್ ಮಾತ್ ಏಳು. ಹನ್ನೊಂದ್ ವರ್ಷ ಆಯ್ತು, ದಿನಾ ಒಂದೇ ಟೇಬಲ್‌ನಲ್ಲಿ ಉಣ್ತೀವಿ. ನಿಮ್ಮನೆಗೆ ಒಂದ್ ದಿಸ ಬಾ ಅಂತ ಯಾಕ್ ಕರೀಲಿಲ್ಲ ನೀನು?"

ಯಶೋದ, "ನಮ್ಮವ್ವ..." ಎಂದು ಶುರುಮಾಡಿ ಅಲ್ಲೇ ನಿಲ್ಲಿಸಿದಳು. ಚಂದ್ರಮ್ಮ ಫೋನು ಇಟ್ಟಳು.

ಮಗಳು, ಟ್ರಂಕು, ಮಧ್ಯಾಹ್ನದ ಬಿಸಿಲು. ಕೊಳ್ಳೇಗಾಲದ ಬಸ್ಸಿನಲ್ಲಿ ಕೂತು ಪಟ್ಟಿಯನ್ನು ಮೇಲಿಂದ ಕೆಳಗೆ ಸರಿಸಿದಳು. ಕೇಳದೆ ಉಳಿದದ್ದು ಒಂದೇ, ‘ಬೇಡ’ದ ಗೂಡಿನಲ್ಲಿದ್ದ ಫೋಟೊ ಇಲ್ಲದ ಮನೆ. ಹನೂರು ರಸ್ತೆಯಲ್ಲಿ ಹುಡುಕಿಕೊಂಡು ಹೋದರೆ ಅದು ಕೋಳಿ ಅಂಗಡಿಯ ಹಿಂಬದಿ. ಚರಂಡಿಯಲ್ಲಿ ಪುಕ್ಕ ತೇಲುತ್ತಿತ್ತು. ಮಾಲೀಕ ಚಿನ್ನಸ್ವಾಮಿ ಮಾರ್ಟಳ್ಳಿ ಕಡೆಯವನು, ಅವನ ಕನ್ನಡದಲ್ಲಿ ಅರ್ಧ ತಮಿಳು.

"ನಾವು ಸೋಲಿಗ್ರು," ಎಂದಳು ಚಂದ್ರಮ್ಮ, ಟ್ರಂಕು ಕೆಳಗಿಡುವ ಮೊದಲೇ.

"ಸರಿ. ಕರೆಂಟು ಬಿಲ್ಲು ತನಿಯಾ ಕಟ್ಟಬೇಕು. ಬೇರೆ ಮೀಟರ್," ಅಂದ ಅವನು. "ಕೋಳಿ ವಾಸನೆ ಇರ್ತದೆ ಅಮ್ಮಾ, ಪಾರುಂಗೊ, ನೋಡ್ಕೊಳ್ಳಿ. ಒಂದು ತಿಂಗಳು ಮೇಲೆ ಯಾರೂ ನಿಲ್ಲಲ್ಲ. ಅದಕ್ಕೇ ಫೋಟೊ ಹಾಕಿಲ್ಲ. ಹಾಕಿ ಏನು, ಬಂದು ನೋಡಿ ಬೈತಾರೆ."

ಬೀಗದ ಕೈ ಕೊಟ್ಟ ಮೇಲೆ, ಹೋಗುತ್ತಾ ಹೋಗುತ್ತಾ ತಿರುಗಿ ಕೇಳಿದ: "ಬೆಟ್ಟದ ಜೇನು ಒರಿಜಿನಲ್ ಸಿಕ್ಕರೆ ಎರಡು ಬಾಟ್ಲು ತಂದುಕೊಡಮ್ಮಾ." ಸೋಲಿಗರವಳೆಂದು ಗೊತ್ತಾದರೆ ಊರಿನಲ್ಲಿ ಜನ ಒಂದೋ ದೂರ ಸರಿಯುತ್ತಿದ್ದರು, ಇಲ್ಲವೇ ಜೇನು ಕೇಳುತ್ತಿದ್ದರು. ಆಗಲಿ ಅಂದಳು. ದೀಪ ಮೂಗು ಮುಚ್ಚಿಕೊಂಡೇ ಕಸ ಗುಡಿಸಿದಳು.

ಜೂನ್ ಎರಡನೇ ವಾರ ಶಿವರುದ್ರಸ್ವಾಮಿ ಮೇಷ್ಟರು ಸಕ್ಕರೆ ಪರೀಕ್ಷೆಗೆಂದು ಲ್ಯಾಬಿಗೆ ಬಂದರು. ಕೈ ಚಾಚಿ ಕೂತ ಮೇಲೆ ಮಾಸ್ಕಿನ ಮೇಲಿನ ಕಣ್ಣಿನಿಂದ ಗುರುತು ಹಿಡಿದರು. ಚಂದ್ರಮ್ಮ ನರ ಹುಡುಕಿ, ಒಂದೇ ಸಲಕ್ಕೆ ಸೂಜಿ ಇಳಿಸಿ, ರಕ್ತ ತೆಗೆದು ಹತ್ತಿ ಒತ್ತಿದಳು.

"ನೋವೇ ಗೊತ್ತಾಗಲಿಲ್ಲ ಕಣಮ್ಮ. ಒಳ್ಳೇ ಕೈಗುಣ," ಅಂದರು ಮೇಷ್ಟರು. "ಮನೆ ಸಿಕ್ತಾ?"

"ಸಿಕ್ತು ಸಾ."

"ದೇವರು ದೊಡ್ಡವನು."

ಅವಳು ಟ್ಯೂಬಿಗೆ ಅವರ ಹೆಸರು ಅಂಟಿಸಿದಳು. ಬೇರೆ ಎಲ್ಲರ ಟ್ಯೂಬಿನಷ್ಟೇ ಜೋಪಾನವಾಗಿ ಸ್ಟ್ಯಾಂಡಿನಲ್ಲಿ ಇಟ್ಟಳು. ಕೈಯನ್ನು ಸೋಪು ಹಾಕಿ ಎರಡು ಸಲ ತೊಳೆದಳು. ಆ ಮಧ್ಯಾಹ್ನ ಡಬ್ಬಿ ತೆರೆದು ಅನ್ನ ನೋಡಿ ಮತ್ತೆ ಮುಚ್ಚಿದಳು. ಎದುರಿಗೆ ಕೂತಿದ್ದ ಯಶೋದ ತನ್ನ ಪಾಡಿಗೆ ಉಣ್ಣುತ್ತಿದ್ದಳು. ಅವರಿಬ್ಬರ ನಡುವೆ ಈಗ ಮಾತು ಕಡಿಮೆಯಾಗಿತ್ತು.

ಆಗಸ್ಟಿನಲ್ಲಿ ಅವಳದೇ ಪೋಡಿನ ಮುನಿಯನಿಗೆ ಕೊಳ್ಳೇಗಾಲದ ಒಂದು ಕಚೇರಿಯಲ್ಲಿ ಅಟೆಂಡರ್ ಕೆಲಸ ಸಿಕ್ಕಿತು. ಅವನು ಹೆಂಡತಿಯನ್ನು ಕರೆದುಕೊಂಡು ಬರಬೇಕೆಂದಿದ್ದ. ಮನೆ ಹುಡುಕಿಕೊಡೆಂದು ಬಂದಾಗ ಚಂದ್ರಮ್ಮ ಅವನನ್ನು ತನ್ನ ಪಟ್ಟಿಗೆ ಸೇರಿಸಿದಳು. ಮೂವತ್ತೊಂದು ಮನೆಗಳನ್ನೂ ಅವಳು ಅಳಿಸಿರಲಿಲ್ಲ. ಪ್ರತಿಯೊಂದರ ಕೆಳಗೆ ಬರೆದಿಟ್ಟದ್ದು ಹಾಗೇ ಇತ್ತು: ಇಲ್ಲಿ ಮದುವೆ ಅಂತಾರೆ, ಇಲ್ಲಿ ವಾಸ್ತು ಅಂತಾರೆ, ಇಲ್ಲಿ ಜಗಲಿ ತೊಳೀತಾರೆ, ಇಲ್ಲಿ ಕಾಲಿಡಬೇಡ.

ಮುನಿಯ ಹೊಸ್ತಿಲ ಮೇಲೆ ಕೂತು ಕೊನೆಯವರೆಗೂ ಓದಿದ.

"ಅಕ್ಕ, ಇದ್ರಲ್ಲಿ ಒಂದೂ ಇಲ್ವಲ್ಲ."

"ಇಲ್ಲ ಕಣ್ಲಾ. ನಿಂಗೆ ಒಂದ್ ತಿಂಗ್ಳು ಸುತ್ತೋದು ಉಳೀತು, ಅಷ್ಟೇಯ."

ಅವನು ಒಂದು ಲೋಟ ಕಾಫಿ ಕುಡಿದು ಎದ್ದ. ಈಗ ಬೆಳಿಗ್ಗೆ ಮೊದಲ ಬಸ್ಸಿಗೆ ಬೆಟ್ಟದಿಂದ ಇಳಿದು, ಯಳಂದೂರಿನಲ್ಲಿ ಬಸ್ಸು ಬದಲಿಸಿ, ಕೆಲಸ ಮುಗಿಸಿ ಹಾಗೇ ಮೇಲೆ ಹೋಗುತ್ತಾನೆ. ಹೋಗಿ ಬರುವುದಕ್ಕೇ ದಿನಕ್ಕೆ ಐದು ಗಂಟೆ ಬೇಕು.