ಹಗೇವಿಗೆ ಇಳಿಬಿಟ್ಟ ಬರೀ ಗಾಜು

ದೆವ್ವ ಕಂಡೆ, ಕನಸಿನಲ್ಲಿ ಕಂಡದ್ದು ಬೆಳಗಾಗುವಷ್ಟರಲ್ಲಿ ನಿಜವಾಯಿತು ಎಂದು ಯಾರಾದರೂ ಹೇಳಿದರೆ, ಹಿಂದಿನ ರಾತ್ರಿ ಏನು ಊಟ ಮಾಡಿದ್ದಿರಿ ಎಂದು ಕೇಳುವುದು ನನ್ನ ಚಾಳಿಯಾಗಿತ್ತು. ಹಾಗೆ ಕೇಳಿ ಒಂದಿಬ್ಬರು ನೆಂಟರನ್ನು ಕಳೆದುಕೊಂಡೂ ಇದ್ದೇನೆ. ಭೌತಶಾಸ್ತ್ರ ಓದಿದವಳು, ಅಳೆದದ್ದನ್ನು ಮಾತ್ರ ನಂಬುವವಳು ಎಂಬ ಜಂಬ ನನಗೆ ಚೆನ್ನಾಗಿಯೇ ಇತ್ತು. ಈಗ ಹೇಳಹೊರಟಿರುವುದರಲ್ಲಿ ದೆವ್ವವಿಲ್ಲ, ಕತ್ತಲೆಯೂ ಇಲ್ಲ. ನಡೆದದ್ದು ಹಾಡುಹಗಲು, ಓಣಿಯ ಜನರೆಲ್ಲ ನೋಡುತ್ತಿರುವಾಗ. ಅದರಲ್ಲಿ ವಿಚಿತ್ರ ಯಾವುದು ಎಂಬುದು ಮಾತ್ರ ಅಂದು ನನಗೊಬ್ಬಳಿಗೇ ಗೊತ್ತಿತ್ತು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು. ಗೋದಾಮಿನ ಕಾಳಿಗೆ ಹುಳ ಬೀಳದಿರಲಿ ಎಂದು ಮಾತ್ರೆ ಇಡುತ್ತಾರಲ್ಲ, ಅದರಿಂದ ಹೊರಡುವ ಫಾಸ್ಫೀನ್ ಅನಿಲ ಮನುಷ್ಯರನ್ನೂ ಕೊಲ್ಲುತ್ತದೆ. ಅದನ್ನು ಪತ್ತೆಹಚ್ಚುವ ಉಪಕರಣವೊಂದನ್ನು ನಮ್ಮ ತಂಡ ತಯಾರಿಸುತ್ತಿತ್ತು. ಲೇಸರ್ ಬೆಳಕು ಅನಿಲದ ಅಣುವಿಗೆ ತಾಗಿ ಚದುರಿದಾಗ ಒಂದಿಷ್ಟು ಬೆಳಕಿನ ಬಣ್ಣ ಕೊಂಚ ಬದಲಾಗುತ್ತದೆ. ಇದು ರಾಮನ್ ಚದುರುವಿಕೆ. ಆ ಬದಲಾವಣೆ ನೋಡಿ ಅನಿಲ ಯಾವುದೆಂದು ಹೇಳಬಹುದು. ಆದರೆ ಅದು ತೀರಾ ಕ್ಷೀಣ. ಅಣು ಬೆಳ್ಳಿಯ ಒರಟು ಲೇಪದ ಮೇಲೆ ಕೂತರೆ ಮಾತ್ರ, ಪಿಸುಮಾತಿಗೆ ಮೈಕು ಹಿಡಿದ ಹಾಗೆ, ಲಕ್ಷಾಂತರ ಪಟ್ಟು ಜೋರಾಗುತ್ತದೆ. ಹಾಗಾಗಿ ಬೆಳ್ಳಿ ಲೇಪಿಸಿದ ಉಗುರಗಲದ ಗಾಜಿನ ಚೂರೇ ನಮ್ಮ ಉಪಕರಣದ ಜೀವ. ಒಂದು ಚೂರು ಒಂದೇ ಸಲಕ್ಕೆ. ಹೋಲಿಸಿ ನೋಡಲೆಂದು ಲೇಪವಿಲ್ಲದ ಬರೀ ಗಾಜನ್ನೂ ಇಟ್ಟುಕೊಂಡಿರುತ್ತಿದ್ದೆವು. ಅದನ್ನು ಹಾಕಿದರೆ ಏನೂ ಕಾಣಬಾರದು, ಅದರ ಕೆಲಸವೇ ಅದು.

ಚಳ್ಳಕೆರೆಯ ಶೇಂಗಾ ಗೋದಾಮುಗಳಲ್ಲಿ ಪರೀಕ್ಷೆ ಮುಗಿಯುವಷ್ಟರಲ್ಲಿ ಬೆಳ್ಳಿಯ ಚೂರುಗಳೆಲ್ಲ ಖರ್ಚಾಗಿದ್ದವು. ಬಿ.ಜಿ. ಕೆರೆಯ ಆಚೆಯ ಹಳ್ಳಿಯಲ್ಲಿ ನನ್ನ ಸೋದರಮಾವ ಬೋರಯ್ಯನ ಮನೆ. ಅವನ ಮಗಳ ಮದುವೆ ಹತ್ತಿರವಿತ್ತು. ಮುಖ ತೋರಿಸಿ ಹೋಗೋಣವೆಂದು ಉಪಕರಣದ ಸಮೇತ ಜೀಪಿನಲ್ಲಿ ಹೋದೆ.

ಅಲ್ಲಿ ಮದುವೆಯ ರಾಗಿಗಾಗಿ ಮನೆಯೆದುರಿನ ಹಗೇವು ತೆಗೆಯುತ್ತಿದ್ದರು. ನೆಲದೊಳಗೆ ತೋಡಿದ ಆ ಕಣಜದ ಬಾಯಿ ಒಬ್ಬ ಇಳಿಯುವಷ್ಟು ಕಿರಿದು, ಒಳಗಿನ ಹೊಟ್ಟೆ ಅಗಲ. ಇಳಿದವರು ಉಸಿರುಗಟ್ಟಿ ಸತ್ತ ಸುದ್ದಿ ಆ ಕಡೆ ಹೊಸದಲ್ಲ. ಅದಕ್ಕೇ ಬಾಯಿ ತೆರೆದು ಗಾಳಿಯಾಡಲು ಬಿಟ್ಟು, ಆಮೇಲೆ ಕಂದೀಲು ಇಳಿಬಿಟ್ಟು ನೋಡುತ್ತಾರೆ. ಕಂದೀಲು ಆರದೆ ಉರಿಯುತ್ತಿತ್ತು.

"ದೀಪ ನೆಟ್ಟಗೆ ಉರಿತೈತೆ, ಇಳೀತೀನಿ" ಎಂದು ಮಾವ ಪಂಚೆ ಎತ್ತಿ ಕಟ್ಟಿದ.

ಅತ್ತೆಗೆ ಧೈರ್ಯ ಸಾಲಲಿಲ್ಲ. "ನಿನ್ ಮಿಷನ್ನು ಗಾಳಿ ನೋಡ್ತೈತಂತಲ್ಲವ್ವ, ಒಂದ್ಸಲ ಬಿಟ್ ನೋಡು" ಎಂದು ನನಗೆ ದುಂಬಾಲು ಬಿದ್ದಳು. ಬೆಳ್ಳಿ ಮುಗಿದಿದೆ, ಇದರಿಂದ ಏನೂ ತಿಳಿಯದು ಎಂದೆ. ಯಾರು ಕೇಳುತ್ತಾರೆ? ಅವಳ ಸಮಾಧಾನಕ್ಕೆ ಬರೀ ಗಾಜನ್ನೇ ಕೇಬಲ್ಲಿನ ತುದಿಗೆ ಕೂರಿಸಿ ಒಳಗಿಳಿಸಿದೆ. "ಏನ್ ಬೋರಣ್ಣ, ಹಗೇವಿಗೂ ಸ್ಕ್ಯಾನಿಂಗಾ?" ಎಂದು ಯಾರೋ ನಗೆಯಾಡಿದರು. ನಾನೂ ನಕ್ಕೆ.

ಲ್ಯಾಪ್‌ಟಾಪಿನ ತೆರೆಯ ಮೇಲೆ ಗೆರೆ ಸಪಾಟಾಗಿ ಹೊರಟಿತು. ನಂತರ, ಚಳ್ಳಕೆರೆಯಲ್ಲಿ ಫಾಸ್ಫೀನ್ ಸಿಕ್ಕಾಗ ಯಾವ ಜಾಗದಲ್ಲಿ ಏಳುತ್ತಿತ್ತೋ ಸರಿಯಾಗಿ ಅದೇ ಜಾಗದಲ್ಲಿ ಚೂಪಾಗಿ ಮೇಲೆದ್ದಿತು. ಮತ್ತೊಮ್ಮೆ ಅಳೆದೆ. ಮತ್ತೆ ಎದ್ದಿತು. ತಲೆಯೆತ್ತಿದರೆ ಮಾವನ ಒಂದು ಕಾಲು ಆಗಲೇ ಹಗೇವಿನೊಳಗಿತ್ತು.

"ಮಾವ, ಇಳೀಬ್ಯಾಡ!" ಎಂದು ಕಿರುಚಿದೆ.

"ಕಂದೀಲು ಉರಿತೈತೆ ಕಣವ್ವ" ಎಂದು ಮಾವ ರೇಗಿದ. ನಾನು ಓಡಿಹೋಗಿ ಅವನ ತೋಳು ಹಿಡಿದುಕೊಂಡೆ. ಕೊನೆಗೆ ಅತ್ತೆ ಒಂದು ಕೋಳಿಯನ್ನು ಬುಟ್ಟಿಗೆ ಕಟ್ಟಿ ತಂದಳು. ಇಳಿಬಿಟ್ಟು, ಬಹಳ ಹೊತ್ತು ಕಾದು ಎಳೆದರು. ಕೋಳಿಯ ಕತ್ತು ಬುಟ್ಟಿಯ ಅಂಚಿಗೆ ಜೋತುಬಿದ್ದಿತ್ತು. ಆಮೇಲೆ ಯಾರೂ ನಗೆಯಾಡಲಿಲ್ಲ.

ಸಂಜೆಯ ಬಸ್ಸಿಗೆ ಮಾವನ ತಮ್ಮ ಓಬಯ್ಯ ಬಂದ. ಲಾರಿ ಓಡಿಸುವವನು, ಮನೆಯಲ್ಲಿರುವುದೇ ಕಡಿಮೆ. ಸುದ್ದಿ ಕೇಳಿ ಕಟ್ಟೆಯ ಮೇಲೆ ಕುಸಿದು ಕೂತ. "ಹೋದ್ಸಲ ಮುಚ್ಚುವಾಗ ಹುಳ ಕಂಡ್ವು ಅಂತ ಮಾತ್ರೆ ಎಸೆದಿದ್ದೆ ಕಣಣ್ಣ. ಹೇಳೋದೇ ಮರ್ತೆ" ಎಂದು ಅತ್ತ. ಫಾಸ್ಫೀನ್ ಇದ್ದರೂ ಉಸಿರಾಟದ ಗಾಳಿ ಇದ್ದೇ ಇರುತ್ತದೆ, ಆದ್ದರಿಂದ ದೀಪ ಆರುವುದಿಲ್ಲ. ಅಲ್ಲಿಗೆ ಕೋಳಿ ಸತ್ತದ್ದಕ್ಕೆ ಕಾರಣ ಸಿಕ್ಕಿತು. ನನ್ನ ಗೆರೆಗೆ ಸಿಗಲಿಲ್ಲ.

ಪ್ರಯೋಗಾಲಯದಲ್ಲಿ ಹೇಳಿದಾಗ ಗೆಳೆಯರು, ಬೆಳ್ಳಿಯ ಚೂರೊಂದು ಉಳಿದಿತ್ತು, ನೀನು ಗಮನಿಸಿಲ್ಲ ಎಂದರು. ಗಾಜನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಬೆಳ್ಳಿಯ ಸುಳಿವೇ ಇರಲಿಲ್ಲ. ಅದೇ ಗಾಜನ್ನು ಇನ್ನೂ ದಟ್ಟವಾದ ಫಾಸ್ಫೀನಿನಲ್ಲಿ ಇಟ್ಟೆವು. ಗೆರೆ ಮಲಗಿದ್ದು ಏಳಲೇ ಇಲ್ಲ. ಬಿಸಿಲಿನದಿರಬಹುದು, ಕೇಬಲ್ ಅಲುಗಿದ್ದಿರಬಹುದು ಎಂದರು. ಬಿಸಿಲಿಗೆ ಫಾಸ್ಫೀನಿನ ಜಾಗ ಹೇಗೆ ಗೊತ್ತು? ಆ ಅನಿಲಕ್ಕೆ ಬೆಳ್ಳುಳ್ಳಿಯಂಥ ವಾಸನೆಯಿದೆ, ನಿನ್ನ ಮೂಗು ಹಿಡಿದಿರಬೇಕು ಎಂದ ಒಬ್ಬ. ಹಿಡಿದಿರಬಹುದು. ಆದರೆ ಮೂಗು ತೆರೆಯ ಮೇಲೆ ಗೆರೆ ಎಬ್ಬಿಸುವುದಿಲ್ಲ.

ಮದುವೆಗೆ ಹೋಗಿದ್ದೆ. ಮಾವ ಧಾರೆ ಎರೆಯುವಾಗ ಎಲ್ಲರೂ ಹೆಣ್ಣು-ಗಂಡನ್ನು ನೋಡುತ್ತಿದ್ದರು, ನಾನು ಮಾವನ ಕೈಗಳನ್ನೇ ನೋಡುತ್ತಿದ್ದೆ. ಅಳು ಬಂತು. ಮಿಷನ್ನು ಜೀವ ಉಳಿಸಿತು ಎಂದು ಅವನು ಬಂದವರಿಗೆಲ್ಲ ಹೇಳುತ್ತಿದ್ದ. ಅಲ್ಲವೆನ್ನಲು ನನಗೆ ಬಾಯಿ ಬರಲಿಲ್ಲ.

ಕೆಲವು ವರ್ಷಗಳ ಮೇಲೆ ಒಂದು ದಿನ ಅವನಿಗೆ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವನು ಎಲೆ ಅಡಿಕೆ ಜಗಿಯುತ್ತಾ ಕೇಳಿಸಿಕೊಂಡ.

"ಗಾಜು ಬರೀದು ಅಂತ ಆವಾಗ್ಲೇ ಗೊತ್ತಿತ್ತೇನವ್ವ?"

"ಗೊತ್ತಿತ್ತು ಮಾವ."

"ಮತ್ತೆ ಬ್ಯಾಡ ಅಂತ ಯಾಕೆ ಕೂಗ್ದೆ?"

ಗಾಜಿಗೆ ಆ ದಿನ ಹೇಗೆ ಕಂಡಿತೆಂದು ಮುಂದೆ ಯಾರಾದರೂ ವಿವರಿಸಿಯಾರು. ಏನನ್ನೂ ಕಾಣಲಾರದೆಂದು ಗೊತ್ತಿದ್ದ ಆ ಗಾಜನ್ನು ನಾನೇಕೆ ನಂಬಿದೆ ಎಂದು ಮಾವನಿಗೆ ಹೇಳಲಾಗಲಿಲ್ಲ. ಈಗಲೂ ಆಗುತ್ತಿಲ್ಲ.